ಎರಡು ಖಾಲಿ ಮನೆ

ಯಂತ್ರಗಳಿಗೂ ನನಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಮನೆಯಲ್ಲಿ ಮಿಕ್ಸಿ ಕೆಟ್ಟಿತೆಂದು ನಾನು ಅದರ ಕಡೆಗೆ ಎರಡು ಹೆಜ್ಜೆ ಇಟ್ಟರೆ ಸಾಕು, ನನ್ನ ಹೆಂಡತಿ ರಿಪೇರಿಯವನಿಗೆ ಫೋನು ಮಾಡಿಬಿಡುತ್ತಾಳೆ. ನಾನು ಮುಟ್ಟಿದ ಮೇಲೆ ಕರೆದರೆ ಅವನು ಇಮ್ಮಡಿ ದುಡ್ಡು ಕೇಳುತ್ತಾನೆಂಬುದು ಅವಳ ಅನುಭವ. ಕಾಲೇಜಿನಲ್ಲಿ ಪಂಪ, ರನ್ನ, ಕೇಶಿರಾಜ ಎಂದು ಪಾಠ ಹೇಳಿಕೊಂಡಿರುವ ಇಂಥ ನಾನು ಕಳೆದ ಬೇಸಗೆಯ ರಜದಲ್ಲಿ ಹದಿನೈದು ದಿನ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರನ್ನು ಕೂರಿಸುವ ಕೆಲಸದಲ್ಲಿ ಕಳೆದೆನೆಂದರೆ ಸಹೋದ್ಯೋಗಿಗಳು ನಗುತ್ತಾರೆ. ನಗಲಿ.

ಇದಕ್ಕೆಲ್ಲ ಮೂಲ ಒಂದು ಕ್ಯಾಸೆಟ್ಟು. ಅಮ್ಮನ ಟ್ರಂಕನ್ನು ಬಿಸಿಲಿಗೆ ಹಾಕುವಾಗ, ರೇಷ್ಮೆ ಸೀರೆಯ ಮಡಿಕೆಗಳ ನಡುವೆ ಹತ್ತೆಂಟು ಹಳೆಯ ಹಾಡಿನ ಕ್ಯಾಸೆಟ್ಟುಗಳು ಸಿಕ್ಕಿದವು. ಅವುಗಳಲ್ಲಿ ಒಂದರ ಮೇಲೆ, ಅಪ್ಪನ ಕೈಬರಹದಲ್ಲಿ, 'ಕನ್ನಡ 1' ಎಂದಿತ್ತು. "ಅಶ್ವತ್ಥ್ ಹಾಡಿದ ಭಾವಗೀತೆ ಇರಬೇಕು ಕಣೋ, ಹಾಕು," ಎಂದರು ಅಮ್ಮ. ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದೆ. ಮೊದಲು 'ಕೀ' ಎಂದು ಒಂದೇ ಸಮನೆ ಕಿವಿ ಕೊರೆಯುವ ಧ್ವನಿ, ಆಮೇಲೆ ಗರಗಸದಿಂದ ತಗಡು ಕೊಯ್ದಂತೆ ಕರಕರ, ಮತ್ತೆ 'ಕೀ'. ಅಮ್ಮ ಕಿವಿ ಮುಚ್ಚಿಕೊಂಡರು. ಒಳಗಿನಿಂದ ಹೆಂಡತಿ, "ಏನ್ರೀ ಅದು, ಕುಕ್ಕರೇ?" ಎಂದು ಕೂಗಿದಳು. ನಾನು ಮಾತ್ರ ನಿಂತಲ್ಲೇ ನಿಂತೆ. ಮೂವತ್ತು ವರ್ಷದ ಹಿಂದಿನ ಆ ಕರ್ಕಶ ಧ್ವನಿ ನನಗೆ ಗುರುತಾಯಿತು.

ನಮ್ಮ ತಂದೆ ಪ್ರೌಢಶಾಲೆಯಲ್ಲಿ ಲೆಕ್ಕದ ಮೇಷ್ಟರು. 1984-85ರಲ್ಲಿ ಭಾರತ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕೊಡುವ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿತು. ಮೊದಲಿಗೆ ದೇಶದ ಸುಮಾರು 250 ಶಾಲೆಗಳು, ಆಮೇಲೆ ಇನ್ನಷ್ಟು. ಹಾಗೆ ಬಂದದ್ದು ಇಂಗ್ಲೆಂಡಿನ ಏಕಾರ್ನ್ ಕಂಪನಿಯವರು ಬಿ.ಬಿ.ಸಿ.ಯ ಜನಶಿಕ್ಷಣ ಕಾರ್ಯಕ್ರಮಕ್ಕಾಗಿ 1981ರಲ್ಲಿ ತಯಾರಿಸಿದ 'ಬಿ.ಬಿ.ಸಿ. ಮೈಕ್ರೋ' ಎಂಬ ಯಂತ್ರ. ನಮ್ಮೂರಿನ ಶಾಲೆಗೂ ಕೆಲವು ವರ್ಷಗಳ ಮೇಲೆ ಎರಡು ಬಂದವು. ನಸು ಹಳದಿಯ ದಪ್ಪ ಪೆಟ್ಟಿಗೆ, ಕಪ್ಪು ಕೀಲಿಗಳು, ಮೇಲ್ಗಡೆ ಕೆಂಪು ಕೀಲಿಗಳ ಒಂದು ಸಾಲು. ಒಳಗೆ 32 ಕಿಲೋಬೈಟ್ ನೆನಪು. ನಾನು ಈ ಲೇಖನವನ್ನು ಸಂಪಾದಕರಿಗೆ ಕಳಿಸುವಾಗ ಜೊತೆಗಿಡುವ ನನ್ನ ಭಾವಚಿತ್ರವೇ ಅದರಲ್ಲಿ ಹಿಡಿಸುವುದಿಲ್ಲ.

ಆ ಎರಡು ಯಂತ್ರಗಳಿಗೆ ಶಾಲೆಯಲ್ಲಿ ದೇವರ ಗುಡಿಯ ಮಡಿ. ಚಪ್ಪಲಿ ಹೊರಗೆ ಬಿಡಬೇಕು, ಕಿಟಕಿಗೆ ಪರದೆ. ತರಬೇತಿಗೆ ಹೋಗಿ ಬಂದ ಅಪ್ಪನೇ ಅರ್ಚಕ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಸ್ವಿಚ್ ಹಾಕಿದರೆ 'ಬೂ ಬೀಪ್' ಎಂದು ಎರಡು ಸ್ವರ, ಟಿ.ವಿ.ಯ ಮೇಲೆ 'ಬಿ.ಬಿ.ಸಿ. ಕಂಪ್ಯೂಟರ್ 32 ಕೆ' ಎಂಬ ಸಾಲು. ಒಂದು ದಿನ ಅಪ್ಪ ಒಂದು ಗಂಟೆ ಕುಟ್ಟಿದ ಕಾರ್ಯಕ್ರಮವನ್ನು ನಾನು 'ಬ್ರೇಕ್' ಎಂಬ ಕೀಲಿ ಒತ್ತಿ ಅಳಿಸಿಬಿಟ್ಟೆ. ಏಟು ಬಿತ್ತೆಂದು ಅಳಲು ಸಿದ್ಧನಾದೆ. ಅಪ್ಪ ಏನೂ ಹೇಳದೆ 'ಓಲ್ಡ್' ಎಂದು ಮೂರೇ ಇಂಗ್ಲಿಷ್ ಅಕ್ಷರ ಕುಟ್ಟಿದರು. ಹೋದದ್ದೆಲ್ಲ ಹಾಗೆಯೇ ವಾಪಸು ಬಂತು. "ಇದು ಮರೆತ ಹಾಗೆ ಮಾಡುತ್ತೆ ಅಷ್ಟೆ, ಮರೆತಿರೋಲ್ಲ," ಎಂದರು.

ಮಗ ಲೆಕ್ಕ ಓದಿ ಎಂಜಿನಿಯರ್ ಆಗುತ್ತಾನೆಂಬುದು ಅವರ ಎಣಿಕೆ. 1997ರಲ್ಲಿ ನಾನು ಪಿ.ಯು.ಸಿ. ಮುಗಿಸಿ ಬಿ.ಎ.ಗೆ, ಅದರಲ್ಲೂ ಐಚ್ಛಿಕ ಕನ್ನಡಕ್ಕೆ, ಸೇರಿದೆ. "ಕನ್ನಡ ಎಲ್ಲಿಗೂ ಓಡಿಹೋಗೋದಿಲ್ಲ, ರಜದಲ್ಲಿ ಓದಿಕೋ," ಎಂದು ಅವರು. ನಾನೂ ಏನೋ ಹೇಳಿದೆ, ಅದು ಇಲ್ಲಿ ಬೇಡ. ಅಂದಿನಿಂದ ಎರಡು ವರ್ಷ ಒಂದೇ ಮನೆಯಲ್ಲಿ ನಮ್ಮಿಬ್ಬರ ಮಾತೆಲ್ಲ ಅಮ್ಮನ ಮೂಲಕ ನಡೆಯಿತು. "ಅವನಿಗೆ ಹೇಳು, ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಗಾಳಿ ಇಲ್ಲ." "ಅವರಿಗೆ ಹೇಳಮ್ಮ, ಪರೀಕ್ಷೆಗೆ ಫೀಸು ಕಟ್ಟಬೇಕಂತೆ." ಮೂವರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರುವಾಗಲೇ ಈ ರಾಯಭಾರ. ಆಮೇಲೆ ನನಗೆ ಕೆಲಸವಾಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಮಾತು ತಾನಾಗಿ ಆರಂಭವಾಯಿತು. ಆದರೆ ಆ ಎರಡು ವರ್ಷದ ವಿಷಯ ಯಾರೂ ಎತ್ತಲಿಲ್ಲ. 2019ರಲ್ಲಿ ಅಪ್ಪ ಹೋದರು.

ಕನ್ನಡವನ್ನು ಕೆಲಸಕ್ಕೆ ಬಾರದ್ದೆಂದು ತಿಳಿದಿದ್ದ ಲೆಕ್ಕದ ಮೇಷ್ಟರ ಕ್ಯಾಸೆಟ್ಟಿನ ಮೇಲೆ 'ಕನ್ನಡ 1' ಎಂದು ಏಕಿತ್ತು? ನನಗೆ ಅದನ್ನು ನೋಡದೆ ನಿದ್ದೆ ಬರುವ ಹಾಗಿರಲಿಲ್ಲ.

ಹಳೆಯ ಯಂತ್ರವೇ ಎಲ್ಲಾದರೂ ಸಿಕ್ಕೀತೇ ಎಂದು ಹುಡುಕಿದೆ. ನಲವತ್ತು ವರ್ಷದ ಮುದುಕನನ್ನು ತಂದು ಸ್ವಿಚ್ ಹಾಕಿದರೆ ಅದರ ವಿದ್ಯುತ್ ಪೆಟ್ಟಿಗೆಯ ಕೆಪಾಸಿಟರು ಹೊಗೆ ಕಾರುವುದು ಪ್ರಸಿದ್ಧವಾದ ಸಂಗತಿಯೆಂದು ತಿಳಿದು ಕೈಬಿಟ್ಟೆ. ಎರಡನೆಯ ಪಿ.ಯು.ಸಿ. ಓದುವ ಮಗಳು ಸಲಹೆ ಕೊಟ್ಟಳು: "ಎಮ್ಯುಲೇಟರ್ ಹಾಕ್ಕೋ ಅಪ್ಪ." ಎಂದರೆ, ಈಗಿನ ಕಂಪ್ಯೂಟರು ಹಳೆಯ ಕಂಪ್ಯೂಟರಿನ ವೇಷ ಹಾಕುವುದು. ಯಕ್ಷಗಾನದಲ್ಲಿ ಪಾತ್ರಧಾರಿ ಭೀಮನಂತೆ ಕಿರೀಟ ಕಟ್ಟಿದರೆ ಸಾಲದು, ಭೀಮನ ಹೆಜ್ಜೆಯನ್ನೇ ಹಾಕಬೇಕಷ್ಟೆ. ಇದೂ ಹಾಗೆಯೇ. ಹಳೆಯ ಯಂತ್ರದ 6502 ಎಂಬ ಮಿದುಳು ಸೆಕೆಂಡಿಗೆ ಇಪ್ಪತ್ತು ಲಕ್ಷ ಬಾರಿ ಮಿಡಿಯುತ್ತಿತ್ತು; ಅದರ ಸಾವಿರಾರು ಪಾಲು ವೇಗದ ಹೊಸ ಯಂತ್ರ ತನ್ನ ಓಟವನ್ನು ಬಿಗಿಹಿಡಿದು, ಅಜ್ಜನ ಕೈ ಹಿಡಿದು ನಡೆಯುವ ಮೊಮ್ಮಗನಂತೆ, ಒಂದೊಂದು ಮಿಡಿತವನ್ನೂ ಎಣಿಸುತ್ತ ಸಾಗುತ್ತದೆ. ಹೋಲಿಕೆ ಬರಿಯ ಮಾತಿನದಲ್ಲ. ಆ ಏಕಾರ್ನ್ ಕಂಪನಿಯವರೇ, ಬಿ.ಬಿ.ಸಿ. ಮೈಕ್ರೋವನ್ನು ಜೊತೆಗಿಟ್ಟುಕೊಂಡು, 1985ರಲ್ಲಿ 'ಆರ್ಮ್' ಎಂಬ ಮೊದಲ ಮಿದುಳನ್ನು ತಯಾರಿಸಿದರು. ಅದರ ಸಂತತಿಯೇ ಇಂದು ನಮ್ಮ ನಿಮ್ಮ ಜೇಬಿನ ಮೊಬೈಲುಗಳಲ್ಲಿ ಕೂತಿದೆ.

ನಾನು ಹಾಕಿಕೊಂಡದ್ದು 'ಬೀಬ್‌ಎಮ್' ಎಂಬುದು. 1994ರಲ್ಲಿ ಒಬ್ಬರು ಹವ್ಯಾಸಿ ಆರಂಭಿಸಿದ್ದು, ಪುಕ್ಕಟೆ. ತೆರೆದೊಡನೆ 'ಬೂ ಬೀಪ್' ಎಂದಿತು. ಅಮ್ಮ ಹೊರಗಿನ ಕುರ್ಚಿಯಿಂದಲೇ ತಿರುಗಿ ನೋಡಿದರು, ಮಾತಾಡಲಿಲ್ಲ.

ಇನ್ನು ಕ್ಯಾಸೆಟ್ಟಿನ ಆ ಕರಕರವನ್ನು ಒಳಗೆ ಸೇರಿಸಬೇಕು. ಅದರ ಗುಟ್ಟು ಬಹಳ ಸರಳ: ಒಂದು ಸೊನ್ನೆಗೆ ಸೆಕೆಂಡಿಗೆ 1200 ಕಂಪನದ ಸ್ವರದ ಒಂದು ಅಲೆ, ಒಂದಕ್ಕೆ 2400ರ ಸ್ವರದ ಎರಡು ಅಲೆ. ಲಘು ಗುರುಗಳ ಪ್ರಸ್ತಾರ ಹಾಕಿ ಅಭ್ಯಾಸವಿದ್ದ ನನಗೆ ಇದು ಕೂಡಲೇ ಹಿಡಿಸಿತು. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು ಎಳೆದು ಧ್ವನಿ ತುಂಬಿಸಿಕೊಂಡು, ಅದನ್ನು ಎಮ್ಯುಲೇಟರ್ ಓದುವ ಕಡತವಾಗಿ ಪರಿವರ್ತಿಸಿದ್ದಾಯಿತು. ಆಮೇಲೆ ಯಂತ್ರಕ್ಕೆ 'ಸ್ಟಾರ್ ಟೇಪ್' ಎಂದು ಆಜ್ಞೆ ಕೊಡಬೇಕು. ಸ್ಟಾರ್ ಎಲ್ಲಿ? ನಮ್ಮ ಕೀಲಿಮಣೆಯಲ್ಲಿ ಎಂಟರ ಮೇಲಿದೆ. ಒತ್ತಿದರೆ ಆವರಣ ಚಿಹ್ನೆ ಬಂತು. ಉದ್ಧರಣ ಚಿಹ್ನೆ ಒತ್ತಿದರೆ ಸ್ಟಾರ್ ಬಂತು! ಉದ್ಧರಣ ಚಿಹ್ನೆಯೋ, ಎರಡರ ಮೇಲೆ ಅಡಗಿತ್ತು. ಬೀಬ್‌ಎಮ್ ಹಳೆಯ ಕೀಲಿಮಣೆಯ ಜಾಗವನ್ನೇ ಅನುಸರಿಸುತ್ತದೆಂಬುದು ತಿಳಿಯುವ ಹೊತ್ತಿಗೆ ಒಂದು ಸಂಜೆ ಕಳೆಯಿತು.

'ಸರ್ಚಿಂಗ್' ಎಂದಿತು. 'ಲೋಡಿಂಗ್' ಎಂದಿತು. ಕಡತದ ಹೆಸರೂ ಪಕ್ಕದಲ್ಲಿ 00, 01, 02 ಎಂದು ಕಂತುಗಳೂ ಬಂದವು. ಟೇಪಿನ ಮೇಲಿನ ಒಂದೊಂದು ಕಂತೂ 256 ಬೈಟು. ಜೊತೆಗೆ ತಾಳೆ ನೋಡಲು ಒಂದು ಲೆಕ್ಕ. ನಾಲ್ಕನೆಯದರಲ್ಲಿ ನಿಂತಿತು. 'ಡೇಟಾ?' ಎಂದು ಪ್ರಶ್ನೆ. ಕೆಳಗೆ 'ರಿವೈಂಡ್ ಟೇಪ್'. ಮತ್ತೆ ಮೊದಲಿಂದ. ಮತ್ತೆ ಅಲ್ಲೇ ಮುಗ್ಗರಿಕೆ. ಮೂರು ದಿನ ಹೀಗೆ. ಒಳಗೆ ಬೂಷ್ಟು ಹಿಡಿದಿದ್ದರೆ ಮುಗಿಯಿತು, ಎಳೆದೆಳೆದು ಇರುವುದೂ ಹೋಗುತ್ತದೆಂಬ ಹೆದರಿಕೆ ಬೇರೆ. ಕೊನೆಗೆ, ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ನಮ್ಮ ಬೀದಿಯ ಮುದುಕರೊಬ್ಬರು ಬಂದು, ಟೇಪಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅದರ ಪಕ್ಕದ ಸಣ್ಣ ತಿರುಪನ್ನು ಕಾಲು ಸುತ್ತು ತಿರುಗಿಸಿದರು. ಮಂಕಾಗಿದ್ದ ಕರಕರ ಚುರುಕಾಯಿತು. "ಹೆಡ್ಡು ಓರೆ ಇತ್ತು ಸ್ವಾಮಿ, ಟೇಪಿನ ತಪ್ಪಿಲ್ಲ," ಎಂದು ಕಾಫಿ ಕುಡಿದು ಹೊರಟರು. ಈ ಸಲ 04 ದಾಟಿತು, 05 ದಾಟಿತು, ಕೊನೆಯವರೆಗೂ ಬಂತು.

'ರನ್' ಎಂದೆ. ಕಪ್ಪು ಪರದೆಯ ಮೇಲೆ ಒಂದೊಂದಾಗಿ ಅಕ್ಷರ ಮೂಡಿತು. ಅ. ಆ. ಇ.

ಆ ಯಂತ್ರಕ್ಕೆ ಕನ್ನಡ ಬಾರದು. ಆದರೆ ಬೇಕಾದ ಚಿಹ್ನೆಯನ್ನು ನಾವೇ ಬರೆದುಕೊಳ್ಳಲು ಅದರಲ್ಲಿ 224ರಿಂದ 255ರವರೆಗೆ 32 ಜಾಗ ಬಿಟ್ಟಿದ್ದರು. ಒಂದೊಂದೂ ಎಂಟಕ್ಕೆ ಎಂಟು ಮನೆಯ ಚೌಕ, ಚದುರಂಗದ ಹಾಗೆ. ಸಾಲಿನ ಮನೆಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ. ತುಂಬಿದ ಮನೆಗಳ ಬೆಲೆ ಕೂಡಿದರೆ ಒಂದು ಸಾಲು. ನಡುವಿನ ನಾಲ್ಕು ಮನೆ ತುಂಬಿದರೆ 60, ಎರಡನೆಯದೂ ಏಳನೆಯದೂ ತುಂಬಿದರೆ 66. ಮೇಲೊಂದು 60, ಕೆಳಗೊಂದು 60, ನಡುವೆ ನಾಲ್ಕು 66 ಇಟ್ಟರೆ ನಮ್ಮ ಸೊನ್ನೆ, ಅನುಸ್ವಾರ. ಲೆಕ್ಕದ ಮೇಷ್ಟರು ಹೀಗೆ ಒಂದೊಂದು ಅಕ್ಷರಕ್ಕೂ ಎಂಟು ಸಂಖ್ಯೆ ಕೂಡಿ ಬರೆದಿದ್ದರು. ತಲೆಕಟ್ಟಿಗೆ ಒಂದು ಸಾಲು ಹೋದರೆ ಉಳಿಯುವುದು ಏಳು. ಅದರಲ್ಲಿ 'ಣ'ದ ಹೊಟ್ಟೆಗಳನ್ನು ತೂರಿಸುವ ಸಂಕಟ ಬರೆದು ನೋಡಿದವರಿಗೇ ಗೊತ್ತು. ಅವರ 'ಣ' ಸ್ವಲ್ಪ ಉಬ್ಬಸ ಬಂದಂತಿತ್ತು. 'ಳ' ಮಾತ್ರ ಬಹಳ ಚೆನ್ನಾಗಿತ್ತು.

ಕೇಶಿರಾಜನ ಎಣಿಕೆಯಲ್ಲಿ ಕನ್ನಡಕ್ಕೆ 47 ಶುದ್ಧಾಕ್ಷರ. ಅಪ್ಪನಿಗೆ ಇದ್ದದ್ದು 32 ಮನೆ. ಏನು ಬಿಟ್ಟಿದ್ದಾರೆಂದು ನೋಡಿದೆ. ಮಹಾಪ್ರಾಣ ಹತ್ತೂ ಇಲ್ಲ. ಡಿ. ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನು ಬಿಡಬೇಕೆಂದು ವಾದಿಸಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ಪಕ್ಷಗಳಾಗಿ ಚಹಾ ಆರಿಹೋಗುವವರೆಗೆ ಜಗಳವಾಡಿದ್ದೆವು. ಅಪ್ಪ ಸದ್ದಿಲ್ಲದೆ ತೀರ್ಮಾನಿಸಿಬಿಟ್ಟಿದ್ದರು. ಙ, ಞ, ಷ, ವಿಸರ್ಗ ಇಲ್ಲ. ಕಾಗುಣಿತದ ಮಾತೇ ಇಲ್ಲ. ಎಂಟು ಸ್ವರ, ಒಂದು ಸೊನ್ನೆ, 21 ವ್ಯಂಜನ. ಎಣಿಸಿದೆ: ಮೂವತ್ತು. ಜಾಗವಿಲ್ಲವೆಂದು ಇಷ್ಟೆಲ್ಲ ಬಿಟ್ಟವರು ಕೊನೆಯ ಎರಡು ಮನೆಗಳಲ್ಲಿ ಎಂಟೆಂಟು ಸೊನ್ನೆ ಇಟ್ಟು ಖಾಲಿ ಬಿಟ್ಟಿದ್ದರು.

ಕಾರ್ಯಕ್ರಮದ ಸಾಲುಗಳನ್ನು ಪಟ್ಟಿ ಮಾಡಿಸಿದೆ. 'ರೆಮ್' ಎಂದು ಆರಂಭವಾಗುವ ಸಾಲನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಬರೆದವನು ತನಗಾಗಿ ಇಟ್ಟುಕೊಳ್ಳುವ ಟಿಪ್ಪಣಿ. ಮೊದಲ ರೆಮ್‌ನಲ್ಲಿ ತಾರೀಖು: 9-5-99. ಆಗ ಶಾಲೆಗೆ ಹೊಸ ಯಂತ್ರಗಳು ಬಂದು ಇವು ಮೂಲೆ ಸೇರಿದ್ದವು. ನಾನು ಬಿ.ಎ. ಎರಡನೆಯ ವರ್ಷದ ಪರೀಕ್ಷೆಗೆ ಓದುತ್ತಿದ್ದೆ. ಖಾಲಿ ಮನೆಗಳ ಮುಂದೆ ಇನ್ನೊಂದು ರೆಮ್, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: 'ಆರು, ಏಳು. ಹಳೆಯ ಅಕ್ಷರ ಎರಡು. ಹೇಗೆ ಬರೆಯುವುದು ಅವನನ್ನು ಕೇಳಬೇಕು.'

ಹಳಗನ್ನಡದಲ್ಲಿ ಆರು ಎಂಬುದು 'ಆಱು'. ಏಳು ಎಂಬುದು 'ಏೞು'. ಆ ಬೇಸಗೆ ನಾನು ಜಗಲಿಯಲ್ಲಿ ಗಟ್ಟಿಯಾಗಿ ಶಬ್ದಮಣಿದರ್ಪಣ ಉರು ಹೊಡೆಯುತ್ತಿದ್ದೆ. ಶಕಟರೇಫ, ರಳ ಎಂದು ಉದಾಹರಣೆ ಸಹಿತ ಕೂಗುತ್ತಿದ್ದೆ. ಒಳಗೆ ಆರಾಮ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತವರು ಪತ್ರಿಕೆಯನ್ನೇ ಓದುತ್ತಿದ್ದಾರೆಂದು ತಿಳಿದಿದ್ದೆ.

ಅವರು ಕೇಳಲಿಲ್ಲ. ಇಪ್ಪತ್ತು ವರ್ಷ ಅವಕಾಶವಿತ್ತು.

ಮಗಳ ಗ್ರಾಫ್ ಹಾಳೆ ಇಸಿದುಕೊಂಡು ಕೂತೆ. ಱ ಅಷ್ಟು ಕಷ್ಟವಾಗಲಿಲ್ಲ. ೞ ಜಗ್ಗಲಿಲ್ಲ. ತರಗತಿಯಲ್ಲಿ ಇಪ್ಪತ್ತು ವರ್ಷದಿಂದ ಕರಿಹಲಗೆಯ ಮೇಲೆ ಅನಾಯಾಸವಾಗಿ ಬರೆದ ಅಕ್ಷರ ಅರವತ್ತನಾಲ್ಕು ಮನೆಯಲ್ಲಿ ಒಮ್ಮೆ ಏಡಿಯಾಯಿತು, ಒಮ್ಮೆ ಕನ್ನಡಕವಾಯಿತು. ಏಳನೆಯ ಹಾಳೆಯಲ್ಲಿ ಸುಮಾರಾಗಿ ಬಂತು. ಸಂಖ್ಯೆಗಳನ್ನು ಎರಡೆರಡು ಸಲ ಕೂಡಿ, ಮಗಳಿಂದ ತಾಳೆ ನೋಡಿಸಿ, 254, 255ರ ಸೊನ್ನೆಗಳ ಜಾಗದಲ್ಲಿ ಕುಟ್ಟಿದೆ. ಒಂದು ತಪ್ಪು ತಿದ್ದಲೆಂದು ಬ್ಯಾಕ್‌ಸ್ಪೇಸ್ ಕಡೆ ಬೆರಳು ಚಾಚಿದವನು ಅದರ ಮೇಲಿನ ಎಫ್-12 ಒತ್ತಿಬಿಟ್ಟೆ. ಎಮ್ಯುಲೇಟರಿನಲ್ಲಿ ಅದೇ ಬ್ರೇಕ್ ಕೀಲಿ. 'ಬೀಪ್'. ಪರದೆ ಬರಿದು.

"ಅಯ್ಯೋ ಅಪ್ಪ, ಸೇವ್ ಮಾಡಿದ್ಯಾ?" ಎಂದಳು ಮಗಳು.

ಕೈ ನಡುಗಿತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. 'ಓಲ್ಡ್' ಎಂದು ಕುಟ್ಟಿ, ಪಟ್ಟಿ ಕೇಳಿದೆ. ಸಾಲುಗಳೆಲ್ಲ ಇದ್ದವು.

"ಈ ಕೊನೆಯವು ಎರಡು ಯಾವ ಅಕ್ಷರ? ನಮ್ಮ ಪುಸ್ತಕದಲ್ಲಿ ಇಲ್ಲವಲ್ಲ," ಎಂದು ಅವಳು ಕೇಳಿದಳು. ಮೊದಲು ೞ ನಮ್ಮ ಬಾಯಿಂದ ಹೋದದ್ದು, ಆಮೇಲೆ ಱ ಹೋದದ್ದು, ಬಾೞೆ ಬಾಳೆಯಾದದ್ದು, ಎಲ್ಲ ಹೇಳಿದೆ. ಅಮ್ಮನೂ ಎದ್ದು ಬಂದು, ನನ್ನ ಹೆಗಲ ಮೇಲೆ ಕೈಯೂರಿ ಪರದೆ ನೋಡುತ್ತ ನಿಂತರು. "ಇದು ಬರೆಯೋಕ್ಕೇನೋ ಅವರು ಆ ವರ್ಷ ದಿನಾ ಸಾಯಂಕಾಲ ಸ್ಕೂಲಿಗೆ ಹೋಗ್ತಿದ್ದದ್ದು?" ಎಂದರು.

'ಕನ್ನಡ 2' ಎಂದು ಹೆಸರು ಕೊಟ್ಟು, ಹೊಸ ಟೇಪಿಗೆ ಉಳಿಸಲು ಆಜ್ಞೆ ಬರೆದೆ. 'ರೆಕಾರ್ಡ್ ದೆನ್ ರಿಟರ್ನ್' ಎಂದಿತು ಯಂತ್ರ. ಹಳೆಯ ದಿನಗಳಲ್ಲಿ ರೆಕಾರ್ಡ್ ಗುಂಡಿ ಒತ್ತಿ ಹಿಡಿಯುವುದು ನನ್ನ ಕೆಲಸ, ರಿಟರ್ನ್ ಕೀಲಿ ಅಪ್ಪನದು. ಈಗ ಒತ್ತಲು ಗುಂಡಿಯಿಲ್ಲ. ರಿಟರ್ನ್ ಒತ್ತಿದೆ. ಒಳಗೆಲ್ಲೋ ರಿಲೇ 'ಟಕ್' ಎಂದಿತು.