ಆರೋಗ್ಯದ ಮರೆಯಲ್ಲಿ

ಇಪ್ಪತ್ತರ ಹರೆಯದ ದೃಢಕಾಯರನ್ನು ಕಂಡಾಗ, ಔಷಧಕ್ಕೆ ಬಗ್ಗದ ಕ್ರಿಮಿ ಅವರಲ್ಲಿದ್ದೀತೆಂದು ಯಾರಿಗೂ ತೋರದು. ಅಂಥದು ಆಸ್ಪತ್ರೆಯಲ್ಲಿ ಬಹುಕಾಲ ಮಲಗಿದವರ ಪಾಲಿಗೆ ಮಾತ್ರವೆಂದು ಲೋಕದ ನಂಬಿಕೆ. ನಿಜಸ್ಥಿತಿ ಹಾಗಿಲ್ಲ.

ಎಷೆರಿಕ್ ಎಂಬ ವೈದ್ಯನು 1885ರಲ್ಲಿ ಶಿಶುಗಳ ಮಲದಲ್ಲಿ ಕಂಡು ವರ್ಣಿಸಿದ ಸೂಕ್ಷ್ಮಜೀವಿಗೆ ಈಗ ಇ. ಕೋಲೈ ಎಂದು ಹೆಸರು. ಬಹುತೇಕ ಎಲ್ಲರ ಕರುಳಿನಲ್ಲಿಯೂ ಅದು ಒಕ್ಕಲಾಗಿದೆ. ಅಲ್ಲಿರುವವರೆಗೆ ಸಾಮಾನ್ಯವಾಗಿ ಉಪದ್ರವವಿಲ್ಲ. ಮೂತ್ರವು ಹೊರಬರುವ ನಾಳವನ್ನೇರಿದರೆ ಉರಿಮೂತ್ರ. ಸ್ತ್ರೀಯರಲ್ಲಿ ಆ ನಾಳವು ಗಿಡ್ಡವಾದುದರಿಂದ ಅವರಿಗೇ ಈ ಬಾಧೆ ಹೆಚ್ಚು.

ನೆಗಡಿಗೆಂದು ನುಂಗಿದ ಆಂಟಿಬಯಾಟಿಕ್ ಗುಳಿಗೆಯು ನೆಗಡಿಯ ವೈರಸ್ಸನ್ನು ಕೊಲ್ಲಲಾರದು. ಕರುಳಿನ ಸಾಧುಕ್ರಿಮಿಗಳನ್ನು ಕೊಂದು, ಬಗ್ಗದವುಗಳಿಗೆ ಎಡೆಮಾಡಿಕೊಡುವುದು. ಹೀಗೆ ಹೆಚ್ಚಿದವು ಕೈ, ಅನ್ನ, ನೀರುಗಳ ಮೂಲಕ ಗುಳಿಗೆಯನ್ನೇ ಕಾಣದವರ ಕರುಳನ್ನೂ ಸೇರಬಲ್ಲವು. ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗನು 1945ರ ನೊಬೆಲ್ ಉಪನ್ಯಾಸದಲ್ಲಿಯೇ ಇಂಥದನ್ನು ಸೂಚಿಸಿದ್ದನು. ಅವನು ಕಲ್ಪಿಸಿದ ಗೃಹಸ್ಥನೊಬ್ಬನು ಗಂಟಲುನೋವಿಗೆ ಅರೆಬರೆ ಔಷಧ ತೆಗೆದುಕೊಳ್ಳುವನು. ಅದರಿಂದ ಬಲಿತ ಕ್ರಿಮಿಯು ಹೆಂಡತಿಗೆ ತಗಲಿ, ಔಷಧವು ಸಾಗದೆ ಅವಳು ಸಾಯುವಳು.

ಹಾಗೆಂದು ಮೂತ್ರದಲ್ಲಿ ಕ್ರಿಮಿ ಕಂಡಮಾತ್ರಕ್ಕೆ ಚಿಕಿತ್ಸೆ ಬೇಕೆಂದಲ್ಲ. ಬಾಧೆಯಿಲ್ಲದ ಆರೋಗ್ಯವಂತ ತರುಣ ತರುಣಿಯರಿಗೆ, ಗರ್ಭಿಣಿಯರನ್ನು ಬಿಟ್ಟರೆ, ಔಷಧ ಕೊಡದಿರುವುದೇ ವೈದ್ಯರ ಸಾಮಾನ್ಯ ಮತ. ಉರಿಯುಂಟಾದಾಗ ವೈದ್ಯರನ್ನು ಕಾಣಬೇಕು. ಮೊದಲ ಔಷಧ ಸಾಗದಿದ್ದರೆ ಮೂತ್ರವನ್ನು ಪರೀಕ್ಷಿಸಿ ಯಾವುದು ನಾಟೀತೆಂದು ತಿಳಿಯಬೇಕು. ಜ್ವರ, ಬೆನ್ನುನೋವು ಕೂಡಿದರೆ ಕ್ರಿಮಿಯು ಮೂತ್ರಪಿಂಡಕ್ಕೆ ಏರಿರಬಹುದು, ತಡಮಾಡಬಾರದು.

ಅಣ್ಣನ ನೆಗಡಿಗೆ ತಂದು ಉಳಿದ ಗುಳಿಗೆಯನ್ನು ತಂಗಿಯ ಉರಿಮೂತ್ರಕ್ಕೆ ಕೊಡುವ ಮನೆಯು ಅಕ್ಕರೆಯಿಂದಲೇ ತನ್ನ ಔಷಧವನ್ನು ಮೊಂಡುಮಾಡಿಕೊಳ್ಳುತ್ತದೆ.