ಮಾಥೇರಾನಿಗೆ ರೈಲು ಉಂಟು

ಕೊರೊನಾ ಕಾಲದಲ್ಲಿ ಡೊಂಬಿವಲಿಯ ಹೌಸಿಂಗ್ ಸೊಸೈಟಿಗಳಲ್ಲಿ ಒಂದು ಹೊಸ ಹುದ್ದೆ ತಾನಾಗಿ ಹುಟ್ಟಿಕೊಂಡಿತು. ವಾಚ್‌ಮನ್ ಮೊದಲಿನಿಂದಲೂ ಇದ್ದ, ಅವನಿಗೆ ಸಂಬಳ ಉಂಟು. ಈ ಹೊಸಬರಿಗೆ ಸಂಬಳವೂ ಇಲ್ಲ, ರಜೆಯೂ ಇಲ್ಲ. ಬಾಲ್ಕನಿಯಲ್ಲಿ ಚಹಾದ ಕಪ್ಪು ಹಿಡಿದು ನಿಂತು, ಯಾರು ಹೊರಗೆ ಹೋದರು, ಕೈಯಲ್ಲಿ ಚೀಲವಿತ್ತೇ, ಮರಳಿ ಬರುವಾಗ ಆ ಚೀಲದಲ್ಲಿ ತರಕಾರಿಯಿತ್ತೇ ಎಂದು ನೋಡಿ ವಾಟ್ಸಾಪ್ ಗುಂಪಿಗೆ ವರದಿ ಒಪ್ಪಿಸುವುದು ಇವರ ಕೆಲಸ. ನಮ್ಮ ಕಟ್ಟಡದಲ್ಲಿ ಇದನ್ನು ವಹಿಸಿಕೊಂಡವರು ನಿಜಕ್ಕೂ ಸಜ್ಜನರು, ಗಣೇಶೋತ್ಸವದ ವಂತಿಗೆಯಲ್ಲಿ ಒಂದು ರೂಪಾಯಿ ಆಚೀಚೆ ಮಾಡಿದವರಲ್ಲ. ನೆಲಮಹಡಿಯ ಒಂದೇ ಕೋಣೆಯ ಮನೆಯ ಹುಡುಗ ಸಂಜೆ ಗೇಟಿನಾಚೆ ನಾಲ್ಕು ಹೆಜ್ಜೆ ನಡೆದದ್ದಕ್ಕೆ ಅವರು ಬರೆದ ಉಪದೇಶ ಮೊಬೈಲಿನಲ್ಲಿ ಬೆರಳು ಸವೆಯುವಷ್ಟು ಉದ್ದವಿತ್ತು. 2020ರ ಸೆಪ್ಟೆಂಬರ್ ಮೊದಲ ವಾರ ಮಹಾರಾಷ್ಟ್ರ ಸರ್ಕಾರ ಜಿಲ್ಲೆಯಿಂದ ಜಿಲ್ಲೆಗೆ ಹೋಗಲು ಬೇಕಿದ್ದ ಇ-ಪಾಸನ್ನು ರದ್ದು ಮಾಡಿತು. ಆ ವಾರಾಂತ್ಯವೇ ಅವರ ಕಾರು ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಅಲಿಬಾಗಿನ ದಾರಿ ಹಿಡಿಯಿತು. ಬಂದ ಮೇಲೆ ಕೇಳಿದರೆ, “ತಿರುಗಾಟಕ್ಕಲ್ಲ ಮಾರಾಯ್ರೆ, ಹವಾ ಬದಲಾವಣೆಗೆ” ಎಂದರು.

ನಾನು ನಕ್ಕು ಸುಮ್ಮನಾದೆ. ಯಾಕೆಂದರೆ ಇದರ ದೊಡ್ಡ ಆವೃತ್ತಿಯನ್ನು ಮಹಾರಾಷ್ಟ್ರ ಆಗಲೇ ನೋಡಿಯಾಗಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ, ದೇಶವೇ ಬಾಗಿಲು ಹಾಕಿಕೊಂಡಿದ್ದಾಗ, ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್‌ನ ಪ್ರವರ್ತಕ ವಾಧವಾನ್ ಸಹೋದರರ ಕುಟುಂಬ ಖಂಡಾಲದಿಂದ ಮಹಾಬಲೇಶ್ವರಕ್ಕೆ ಕಾರುಗಳಲ್ಲಿ ಹೊರಟಿತು. ಅಡುಗೆಯವರು, ಆಳುಕಾಳುಗಳೆಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ. ಕೈಯಲ್ಲಿ ರಾಜ್ಯದ ಗೃಹ ಇಲಾಖೆಯ ಹಿರಿಯ ಅಧಿಕಾರಿ ಅಮಿತಾಭ್ ಗುಪ್ತಾ ಅವರ ಪತ್ರ, ಪತ್ರದಲ್ಲಿ ಕಾರಣ: ಕೌಟುಂಬಿಕ ತುರ್ತು. ಸುದ್ದಿಯಾದ ಮೇಲೆ ಕುಟುಂಬವನ್ನು ಕ್ವಾರಂಟೈನ್‌ನಲ್ಲಿರಿಸಿದರು, ಅಧಿಕಾರಿಯನ್ನು ಕಡ್ಡಾಯ ರಜೆಯ ಮೇಲೆ ಕಳುಹಿಸಿದರು. ಸೆಪ್ಟೆಂಬರಿನಲ್ಲಿ ಅದೇ ಅಧಿಕಾರಿ ಪುಣೆಯ ಪೊಲೀಸ್ ಕಮಿಷನರ್ ಆದರು.

ಆ ಏಪ್ರಿಲ್-ಮೇಯಲ್ಲೇ ಠಾಣೆ, ಭಿವಂಡಿಯಿಂದ ಕಸಾರಾ ಘಾಟಿನ ಕಡೆಗೆ ನಾಸಿಕ್ ಹೆದ್ದಾರಿಯಲ್ಲಿ ಊರಿಗೆ ಹೊರಟ ಜನ ತಲೆಯ ಮೇಲೆ ಗಂಟು ಹೊತ್ತು ನಡೆಯುತ್ತಿದ್ದರು. ಅವರದು ತುರ್ತು ಎಂದು ಬರೆದುಕೊಡುವ ಕೈ ಯಾವ ಇಲಾಖೆಯಲ್ಲೂ ಇರಲಿಲ್ಲ. ಇಲ್ಲಿ ದುಡಿಯುತ್ತಿದ್ದ ನಮ್ಮ ಉಡುಪಿ, ಕುಂದಾಪುರ ಕಡೆಯ ಹೋಟೆಲ್ ಹುಡುಗರ ಪಾಡೂ ಹೆಚ್ಚುಕಡಿಮೆ ಅಷ್ಟೇ. ಹೋಟೆಲ್ ಮುಚ್ಚಿತು ಎಂದರೆ ಅವರಿಗೆ ಕೆಲಸವಷ್ಟೇ ಅಲ್ಲ, ಊಟವೂ ಹೋಯಿತು, ಮಲಗುವ ಅಟ್ಟವೂ ಹೋಯಿತು. ಕರ್ನಾಟಕದೊಳಗೆ ಬರಲು ಬೇಕಿದ್ದ ಸೇವಾಸಿಂಧು ಪಾಸಿಗಾಗಿ ಮೊಬೈಲು ಉಜ್ಜಿ ಉಜ್ಜಿ, ಬಸ್ಸಿಗೆ ಕಂಡಾಪಟ್ಟೆ ದುಡ್ಡು ತೆತ್ತು, ನಿಪ್ಪಾಣಿ ಹತ್ತಿರ ಒಂದು ತಪಾಸಣೆ, ಶಿರೂರಿನಲ್ಲಿ ಇನ್ನೊಂದು ತಪಾಸಣೆ ದಾಟಿ ಊರು ಸೇರಿದವರಿದ್ದಾರೆ. ಮೇ 18ಕ್ಕೆ ಕರ್ನಾಟಕ ಆ ಬಾಗಿಲನ್ನೂ ಮುಚ್ಚಿತು; ಮಹಾರಾಷ್ಟ್ರದಿಂದ ತಿಂಗಳ ಕೊನೆಯ ತನಕ ಯಾರೂ ಬರುವಂತಿಲ್ಲ. ದೇವಸ್ಥಾನದ ಬ್ರಹ್ಮಕಲಶಕ್ಕೆ, ದೈವದ ಗುಡಿಯ ಜೀರ್ಣೋದ್ಧಾರಕ್ಕೆ “ಮುಂಬೈಯವರು” ಎಂದು ಮೊದಲ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದ ಊರು, ಈಗ ಅದೇ ಮುಂಬೈಯವರನ್ನು ಕಂಡು “ಇವರು ಈಗ ಯಾಕೆ ಬಂದದ್ದು?” ಎಂದಿತು. ಊರವರ ಭಯ ಸುಳ್ಳಲ್ಲ. ಉಡುಪಿ ಜಿಲ್ಲೆಯ ಸೋಂಕಿನ ಲೆಕ್ಕ ಆಗ ಏರಿದ್ದು ಮಹಾರಾಷ್ಟ್ರದಿಂದ ಬಂದವರಿಂದಲೇ. ಆದರೂ ಕುರ್ಚಿ ಹಾಕಿದ್ದು ನೆನಪಿದ್ದವರಿಗೆ ಆ ಪ್ರಶ್ನೆ ಚುಚ್ಚದೆ ಇರಲಿಲ್ಲ.

ಇನ್ನು ನಮ್ಮ ಲೋಕಲ್ ರೈಲಿನ ಕತೆ. ಕಲ್ಯಾಣ, ಡೊಂಬಿವಲಿ, ಠಾಣೆಯ ಮನುಷ್ಯನಿಗೆ ಲೋಕಲ್ ಇಲ್ಲ ಎಂದರೆ ಕಾಲಿಲ್ಲ ಎಂದ ಹಾಗೆ. 2020ರ ಮಾರ್ಚ್‌ನಲ್ಲಿ ನಿಂತ ಲೋಕಲ್ ಜೂನ್ 15ಕ್ಕೆ ಮತ್ತೆ ಓಡಿತು, ಆದರೆ ಅತ್ಯವಶ್ಯಕ ಸೇವೆಯವರಿಗೆ ಮಾತ್ರ. ಆಸ್ಪತ್ರೆ, ಪಾಲಿಕೆ, ಪೊಲೀಸ್ ಸರಿ. ಮಸ್ಜಿದ್ ಬಂದರಿನ ಅಂಗಡಿಯಲ್ಲಿ ಲೆಕ್ಕ ಬರೆಯುವವನು? ಫೋರ್ಟ್‌ನ ವಕೀಲರ ಆಫೀಸಿನ ಗುಮಾಸ್ತ? ಅವರ ಆಫೀಸುಗಳು ಒಂದೊಂದಾಗಿ ತೆರೆದವು, “ಬರದಿದ್ದರೆ ಸಂಬಳವಿಲ್ಲ” ಎಂದವು. ರೈಲು ಮಾತ್ರ ಹತ್ತುವಂತಿಲ್ಲ. ಡೊಂಬಿವಲಿಯ ಇಂದಿರಾ ಚೌಕದಲ್ಲಿ ಬೆಳಗಾಗುವ ಮೊದಲೇ ಬಸ್ಸಿಗೆ ಕ್ಯೂ. ಶೀಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ, ರೈಲಿನಲ್ಲಿ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುವ ದಾರಿಗೆ ಅರ್ಧ ದಿನ. ಬಸ್ಸಿನೊಳಗೆ ಎಲ್ಲರೂ ಮೈಗೆ ಮೈ ಅಂಟಿಸಿ ನಿಂತು, ಅಂತರ ಕಾಪಾಡಿ ಎಂಬ ಬೋರ್ಡು ಓದುವುದು. ಅಕ್ಟೋಬರ್ 21ರಿಂದ ಹೆಂಗಸರಿಗೆ ದಟ್ಟಣೆ ಇಲ್ಲದ ಹೊತ್ತಿನಲ್ಲಿ ಅವಕಾಶವಾಯಿತು. ಗಂಡಸರು 2021ರ ಫೆಬ್ರುವರಿ 1ರ ತನಕ ಕಾಯಬೇಕಾಯಿತು. ಆಗಲೂ ಬೆಳಗ್ಗೆ ಏಳರ ಒಳಗೆ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕು, ರಾತ್ರಿ ಒಂಬತ್ತರ ಮೇಲೆ. ಹತ್ತು ಗಂಟೆಯ ಆಫೀಸಿಗೆ ಏಳರೊಳಗೆ ಹೊರಟವನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಶಟರ್ ಏಳುವುದನ್ನು ಕಾಯಬೇಕು.

ಇದೇ ರೈಲುಮಾರ್ಗದಲ್ಲಿ, ಕಲ್ಯಾಣದಿಂದ ಕರ್ಜತ್ ಕಡೆಗೆ ಹೋದರೆ ನೇರಳ, ಅದರ ಮೇಲೆ ಮಾಥೇರಾನ್ ಗಿರಿಧಾಮ. ಅದು ಪ್ರವಾಸಿಗರಿಗೆ 2020ರಲ್ಲೇ ತೆರೆಯಿತು. ನವೆಂಬರ್ 4ರಿಂದ ಅಮನ್ ಲಾಜ್‌ನಿಂದ ಮಾಥೇರಾನಿಗೆ ಪುಟಾಣಿ ರೈಲೂ ಶುರುವಾಯಿತು. ಓಡಿಸಿದ್ದು ಅದೇ ಮಧ್ಯ ರೈಲ್ವೆ. ಕಾರಿದ್ದವನು ಮನೆಯಿಂದ ದಸ್ತುರಿ ನಾಕಾದ ತನಕ ಹೋಗಿ, ಪಕ್ಕದ ಅಮನ್ ಲಾಜ್‌ನಿಂದ ಪುಟಾಣಿ ರೈಲು ಹತ್ತಿ, ಮಕ್ಕಳೊಂದಿಗೆ ಕಾಡು ನೋಡಿ, ಚಿಕ್ಕಿ ಕೊಂಡು ಬರಬಹುದು. ಅದೇ ರೈಲ್ವೆಯ ಲೋಕಲ್ ಹತ್ತಿ ದುಡಿಯಲು ಹೋಗುವ ಗಂಡಸಿಗೆ ಇನ್ನೂ ಮೂರು ತಿಂಗಳು ತಡೆ. ಸೋಗಲಾಡಿತನ ಎಂದು ನಾವು ಬೈಯುವಾಗ ಯಾರದೋ ರಜೆಯ ಫೋಟೋ ಹಿಡಿದು ಬೈಯುತ್ತೇವೆ. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದು ಈ ರೈಲುಗಳ ವೇಳಾಪಟ್ಟಿಯಲ್ಲೇ ಇತ್ತು.

ಲೋಕಲ್ ನಿಲ್ಲಿಸಿದ್ದಕ್ಕೆ ಕಾರಣವೇ ಇರಲಿಲ್ಲ ಎನ್ನುವವನು ನಾನಲ್ಲ. ಬೆಳಗಿನ ಫಾಸ್ಟ್‌ನ ಒಂದೇ ಗಾಡಿಯಲ್ಲಿ ನಾಲ್ಕೈದು ಸಾವಿರ ಜನ ನಿಂತಿರುತ್ತಾರೆ; ರೋಗಕ್ಕೆ ಅದಕ್ಕಿಂತ ಒಳ್ಳೆಯ ಸವಾರಿ ಬೇಕೇ? ಮಾಥೇರಾನಿಗೆ ಹೋದವರ ಮೇಲೂ ನನಗೆ ಸಿಟ್ಟಿಲ್ಲ. ಮೋಟಾರು ವಾಹನ ಬಿಡದ ಆ ಬೆಟ್ಟದಲ್ಲಿ ಕುದುರೆಯವರು, ಕೈಗಾಡಿ ಎಳೆಯುವವರು ಆಗ ಪ್ರವಾಸಿ ಬಂದರೆ ಉಣ್ಣುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಬಯಲಿನ ಗಾಳಿಯಲ್ಲಿ ಸೋಂಕು ಹರಡುವುದು ಕಡಿಮೆ ಎಂಬುದೂ ಗೊತ್ತಾಗಿತ್ತು. ಆದರೂ ಕೆಲವು ಪಾಲಿಕೆಗಳು ಉದ್ಯಾನ, ಕೆರೆದಂಡೆಗಳಿಗೆ ಬೀಗ ಹಾಕಿದ್ದಾಗಲೇ ಮಾಲ್‌ಗಳು ತೆರೆದದ್ದು ಯಾವ ವಿಜ್ಞಾನವೋ, ಈಗಲೂ ನನಗೆ ಅರ್ಥವಾಗಿಲ್ಲ. ನನಗೆ ಸಿಟ್ಟು ಬಂದದ್ದು ಬೇರೆಯವರ ಮೇಲೆ. 2021ರ ಏಪ್ರಿಲ್‌ನಲ್ಲಿ, ಜನ ಆಮ್ಲಜನಕಕ್ಕೆ ಅಲೆಯುತ್ತಿದ್ದಾಗ, ಸಿನಿಮಾದವರು ಮಾಲ್ಡೀವ್ಸ್‌ನ ನೀಲಿ ನೀರಿನ ಫೋಟೋ ಹಾಕಿದರು. ನಟ ನವಾಜುದ್ದೀನ್ ಸಿದ್ದಿಕಿ ತಮ್ಮ ಕ್ಷೇತ್ರದವರನ್ನೇ ಬಹಿರಂಗವಾಗಿ ಗದರಿದರು. ಗದರಿದ್ದು ಸರಿ. ಹೋದದ್ದಕ್ಕಿಂತ ತೋರಿಸಿಕೊಂಡದ್ದು ಅಸಹ್ಯ.

ಅದೇ ವರ್ಷ ಜುಲೈ 18, ಭಾನುವಾರ. ನವಿ ಮುಂಬೈಯ ಖಾರ್‌ಘರ್ ಬೆಟ್ಟದ ಜಲಪಾತಕ್ಕೆ ಹೋದವರು ಹಳ್ಳ ಉಕ್ಕಿ ಆಚೆ ದಡದಲ್ಲೇ ಸಿಕ್ಕಿಬಿದ್ದರು. ಅಗ್ನಿಶಾಮಕ ದಳ ಏಣಿ, ಹಗ್ಗ ಹಾಕಿ 116 ಜನರನ್ನು ದಾಟಿಸಿತು. ಅವರಲ್ಲಿ 78 ಹೆಂಗಸರು. ಮಳೆಗಾಲದ ಹಳ್ಳಕ್ಕೆ ಇಳಿದು ಇನ್ನೊಬ್ಬರ ಜೀವವನ್ನು ಪಣಕ್ಕಿಟ್ಟದ್ದು ಶುದ್ಧ ಮೂರ್ಖತನ, ಅದಕ್ಕೆ ಬೈಗಳು ಸಲ್ಲಬೇಕಾದದ್ದೇ. ಆದರೆ ಬೈದವರೆಲ್ಲ ಅವರನ್ನು ರೋಗ ಹಂಚುವವರು ಎಂದರು. ಆ ಬೆಟ್ಟದಲ್ಲಿದ್ದ ಅಪಾಯ ನೀರಿನದು. ರೋಗದ ಅಪಾಯ ಇದ್ದದ್ದು ಸೋಮವಾರ ಬೆಳಿಗ್ಗೆ ಕಲ್ಯಾಣದಿಂದ ಹೊರಟ ಬಸ್ಸಿನಲ್ಲಿ. ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿದ್ದ ಲೋಕಲ್ ಸಾಮಾನ್ಯ ಜನರಿಗೆ ಆಗಿನ್ನೂ ತೆರೆದಿರಲಿಲ್ಲ. ತೆರೆದದ್ದು ಆಗಸ್ಟ್ 15ಕ್ಕೆ. ಅದೂ ಎರಡು ಡೋಸ್ ಲಸಿಕೆ ಹಾಕಿಸಿಕೊಂಡು ಹದಿನಾಲ್ಕು ದಿನ ಕಳೆದವರಿಗೆ ಮಾತ್ರ.