ಕ್ರಿಯಾಪದ ಬರುವವರೆಗೆ

1998ರ ಅಕ್ಟೋಬರ್. ದಕ್ಷಿಣ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ನನ್ನ ಮೊದಲ ಕ್ಲಾಸು. ಗಣಿತ ವಿಭಾಗ ಇದ್ದದ್ದು ಊರ ಮೇಲಿನ ಗುಡ್ಡದಲ್ಲಿ, ಮೋರ್ಗನ್‌ಷ್ಟೆಲ್ಲೆ ಎಂಬ ಜಾಗದಲ್ಲಿ. ವೇಳಾಪಟ್ಟಿಯಲ್ಲಿ ಎಂಟು ಗಂಟೆ ಎಂದಿತ್ತು, ಪಕ್ಕದಲ್ಲಿ ‘ಸಿ.ಟಿ.’ ಎಂಬ ಎರಡು ಅಕ್ಷರ. ಎಂಟಕ್ಕೆ ಸರಿಯಾಗಿ ಹೋದೆ. ಅಷ್ಟು ದೊಡ್ಡ ಹಾಲ್‌ನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತಪ್ಪು ಕೋಣೆಗೆ ಬಂದೆನೆಂದು ಮೂರು ಮಹಡಿ ಹತ್ತಿ ಇಳಿದು ಹುಡುಕಿದೆ. ವಾಪಸ್ ಬರುವಷ್ಟರಲ್ಲಿ ಎಂಟೂ ಇಪ್ಪತ್ತು. ಹಾಲ್ ತುಂಬಿತ್ತು, ಬೋರ್ಡೂ ಅರ್ಧ ತುಂಬಿತ್ತು. ‘ಸಿ.ಟಿ.’ ಎಂದರೆ ಹೇಳಿದ ಸಮಯಕ್ಕಿಂತ ಕಾಲು ಗಂಟೆ ತಡವಾಗಿ ಪಾಠ ಶುರು ಎಂದರ್ಥ. ಅಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಿರುವುದರಿಂದ ಯಾರೂ ಹೇಳುವುದಿಲ್ಲ.

ಕೊನೆಯ ಸಾಲಿನಲ್ಲಿ ಕೂತು ಬರೆಯತೊಡಗಿದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಒಂದೂವರೆ ವರ್ಷ ಜರ್ಮನ್ ಕಲಿತಿದ್ದೆ, ವಿಶ್ವವಿದ್ಯಾಲಯ ಸೇರಲು ಬೇಕಾದ ಭಾಷಾ ಪರೀಕ್ಷೆಯನ್ನೂ ಪಾಸು ಮಾಡಿದ್ದೆ. ಆದರೂ ಆ ಒಂದೂವರೆ ಗಂಟೆಯಲ್ಲಿ ತಿಳಿದದ್ದು ಚಿಹ್ನೆಗಳಷ್ಟೆ. ಪಾಠ ಮುಗಿದದ್ದೇ ಇನ್ನೂರು ಜನ ಒಟ್ಟಿಗೆ ಮೇಜು ಕುಟ್ಟತೊಡಗಿದರು. ನಾನು ಹೆದರಿದೆ. ನಮ್ಮ ಕಾಲೇಜಿನಲ್ಲಿ ಬೆಂಚು ಬಡಿಯುತ್ತಿದ್ದದ್ದು ಮೇಷ್ಟ್ರನ್ನು ಹೊರಗೆ ಕಳಿಸಲಿಕ್ಕೆ. ಅಲ್ಲಿ ಅದು ಚಪ್ಪಾಳೆಯ ಬದಲು, ಪಾಠಕ್ಕೆ ಸಲ್ಲಿಸುವ ಮರ್ಯಾದೆ.

ಮೊದಲ ವಾರದ ಲೆಕ್ಕಗಳಲ್ಲಿ 35ನೆಯದರ ಬದಲು 53ನೆಯದನ್ನು ಬಿಡಿಸಿಕೊಂಡು ಹೋಗಿದ್ದೆ. ಜರ್ಮನ್ನಿನಲ್ಲಿ ‘ಐದು ಮತ್ತು ಮೂವತ್ತು’ ಎನ್ನುತ್ತಾರೆ, ಕೇಳಿದ ಕ್ರಮದಲ್ಲೇ ಬರೆದುಕೊಂಡಿದ್ದೆ. ರಾತ್ರಿಯೆಲ್ಲ ಕೂತು ಬಿಡಿಸಿದ ಲೆಕ್ಕಕ್ಕೆ ಸೊನ್ನೆ. ಲೆಕ್ಕ ಹೇಳಿಕೊಡುತ್ತಿದ್ದ ಹಿರಿಯ ವಿದ್ಯಾರ್ಥಿಯಾದರೋ ಅಲ್ಲಿನ ಸ್ವಾಬಿಯನ್ ಆಡುನುಡಿಯವನು. ‘ಇಸ್ಟ್’ ಅವನ ಬಾಯಲ್ಲಿ ‘ಇಷ್’, ‘ನಿಷ್ಟ್’ ಅವನಿಗೆ ‘ನೆಟ್’. ಮೈಸೂರು ಕನ್ನಡ ಕಲಿತು ಬಂದವನನ್ನು ಕಲಬುರಗಿಯ ಸಂತೆಯಲ್ಲಿ ಬಿಟ್ಟ ಹಾಗಾಗಿತ್ತು ನನ್ನ ಸ್ಥಿತಿ.

ದಾರಿ ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಕೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತಿದ್ದೆ. ಜರ್ಮನ್ನಿನ ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿಗೆ ಅದು ಮೊದಲೇ ಬೇಕು. ಕ್ರಿಯಾಪದಕ್ಕಾಗಿ ಕಾಯುವಷ್ಟರಲ್ಲಿ ಪ್ರೊಫೆಸರು ಮುಂದಿನ ವಾಕ್ಯ ಮುಗಿಸಿರುತ್ತಿದ್ದರು. ಒಂದು ದಿನ ಬೋರ್ಡಿನ ಮೇಲೆ ಬರೆದರು: ‘ವೆನ್ ಎಫ್ ಷ್ಟೇಟಿಷ್ ಇಸ್ಟ್’. ಹೆಚ್ಚುಕಡಿಮೆ ಅದೇ ಸರದಿಯಲ್ಲಿ ಕನ್ನಡ ತಾನಾಗಿ ಬಂತು: ಎಫ್ ಅವಿಚ್ಛಿನ್ನ ಆಗಿದ್ದರೆ. ಮೊದಲಿನ ‘ವೆನ್’ ಕೊನೆಯ ‘ರೆ’ ಆದದ್ದು ಬಿಟ್ಟರೆ ಒಂದು ಪದವನ್ನೂ ಅತ್ತಿತ್ತ ಎತ್ತಿಡಬೇಕಾಗಿರಲಿಲ್ಲ. ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯುವುದು ಕನ್ನಡದವನಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಅವತ್ತಿನಿಂದ ನಡುವೆ ಇಂಗ್ಲಿಷನ್ನು ತರುವುದು ಬಿಟ್ಟೆ.

ಇನ್ನೊಂದು ನಿಧಾನವಾಗಿ ತಿಳಿಯಿತು. ಅವರ ಗಣಿತದ ಮಾತುಗಳು ಮನೆಮಾತುಗಳೇ. ಗಣಕ್ಕೆ ‘ಮೆಂಗೆ’ ಎನ್ನುತ್ತಾರೆ, ಅಂಗಡಿಯಲ್ಲಿ ಅದು ‘ಪ್ರಮಾಣ’, ಬೀದಿಯಲ್ಲಿ ‘ಗುಂಪು’. ಪ್ರಮೇಯಕ್ಕೆ ‘ಜಾಟ್ಸ್’, ಸಾಮಾನ್ಯ ವಾಕ್ಯಕ್ಕೂ ಅದೇ ಪದ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಹತ್ತನೇ ತರಗತಿಯವರೆಗೆ ನಾನೂ ಗಣ, ಉಪಗಣ, ಪ್ರಮೇಯ ಎಂದೇ ಕಲಿತವನು. ಪಿಯುಸಿಗೆ ಬಂದ ದಿನವೇ ಅವೆಲ್ಲ ಸೆಟ್, ಸಬ್‌ಸೆಟ್, ಥಿಯರಂ ಆದವು. ನನ್ನ ನಿಜವಾದ ಪರದೇಶ ಪ್ರಯಾಣ ಆಗಲೇ ನಡೆದುಹೋಗಿತ್ತು. ಜರ್ಮನಿ ನನಗೆ ಮೊದಲು ಭಾಷೆ ಕಲಿಸಿತು, ಪರೀಕ್ಷೆ ಮಾಡಿತು, ಆಮೇಲೆ ಕ್ಲಾಸಿಗೆ ಬಿಟ್ಟಿತು. ನಮ್ಮಲ್ಲಿ ಒಂದು ಬೇಸಿಗೆ ರಜೆಯ ಅಂತರದಲ್ಲಿ ಭಾಷೆ ಬದಲಾಯಿತು, ಒಂದು ವಾರದ ತಯಾರಿಯನ್ನೂ ಯಾರೂ ಕೊಡಲಿಲ್ಲ. ನನ್ನ ಜೊತೆ ಕನ್ನಡ ಮಾಧ್ಯಮದಿಂದ ಬಂದು ಸೈನ್ಸ್ ಸೇರಿದ ಎಷ್ಟೋ ಹುಡುಗರು ಅಲ್ಲೇ ಸೋತರು. ಅವರಿಗೆ ಗಣಿತ ಬರುತ್ತಿತ್ತು. ಈ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ.

ಟ್ಯೂಬಿಂಗನ್ನಿಗೂ ಕನ್ನಡಕ್ಕೂ ಹಳೆಯ ನಂಟಿದೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದ ಫರ್ಡಿನಾಂಡ್ ಕಿಟೆಲ್‌ಗೆ ಡಾಕ್ಟರೇಟ್ ಗೌರವ ಕೊಟ್ಟದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ. ಅವರು 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ಸುಮಾರು 70,000 ಪದ ಕೂಡಿಸಿದ ಆ ಮನುಷ್ಯ ಕನ್ನಡ ಕಲಿತದ್ದು ಇಪ್ಪತ್ತು ದಾಟಿದ ಮೇಲೆ. ಲೈಬ್ರರಿಯಲ್ಲಿ ಸೋತು ಕೂತ ಸಂಜೆಗಳಲ್ಲಿ ನನಗೆ ಅದು ಧೈರ್ಯ ಕೊಡುತ್ತಿತ್ತು.

ಈಗ ಅಕ್ಕನ ಮಗಳು ಮ್ಯೂನಿಕ್‌ನಲ್ಲಿ ಓದುತ್ತಿದ್ದಾಳೆ. ಪಾಠ, ಪರೀಕ್ಷೆ, ಪ್ರಬಂಧ ಎಲ್ಲ ಇಂಗ್ಲಿಷಿನಲ್ಲೇ. ಜರ್ಮನ್ನಿನಲ್ಲಿ ಬಂದ ಕಾಗದದ ಮೇಲೆ ಫೋನ್ ಹಿಡಿದರೆ ಅರ್ಥ ಬಂದುಬಿಡುತ್ತದೆ. ನನಗೆ ಭಾಷೆಗೇ ಒಂದೂವರೆ ವರ್ಷ ಹೋಯಿತು. ಅವಳಿಗೆ ಆ ಸಮಯ ಉಳಿಯಿತು, ಅದು ಸಣ್ಣ ಲಾಭವಲ್ಲ. ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರೇ ಎಲ್ಲರಿಗಿಂತ ಹೆಚ್ಚು; ಇಂಗ್ಲಿಷ್ ಕೋರ್ಸುಗಳು ಬರದೇ ಇದ್ದಿದ್ದರೆ ಅಷ್ಟು ಮಂದಿ ಹೋಗುತ್ತಿರಲಿಲ್ಲ. ನಮ್ಮ ಕಾಲದಲ್ಲಿ ಬೋಧನಾ ಶುಲ್ಕ ಇರಲಿಲ್ಲ. ಟ್ಯೂಬಿಂಗನ್ ಇರುವ ರಾಜ್ಯದಲ್ಲಿ ಯೂರೋಪ್ ಒಕ್ಕೂಟದ ಹೊರಗಿನವರಿಗೆ 2017ರಲ್ಲಿ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಬಂತು. ದುಡ್ಡು ಕೊಟ್ಟು ಓದುವವರಿಗೆ ಬೇಗ ಮುಗಿಸುವ ಆತುರ ಇದ್ದೇ ಇರುತ್ತದೆ, ಭಾಷೆಗೆಂದು ಅಷ್ಟು ಕಾಲ ಕೊಡುವುದು ಕಷ್ಟ.

ಕಳೆದ ವರ್ಷ ಅವಳನ್ನು ನೋಡಲು ಹೋಗಿದ್ದಾಗ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಕೂತಿದ್ದೆವು. ಅವಳ ಗುಂಪಿನವರು ಎರಡು ಮಾತು ಇಂಗ್ಲಿಷಿನಲ್ಲಿ ಆಡಿದರು, ಆಮೇಲೆ ತಮ್ಮ ಭಾಷೆಗೆ ಹೊರಳಿದರು. ಅವಳು ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಫೋರ್ಕಿನಿಂದ ಸಣ್ಣಗೆ ಕತ್ತರಿಸುತ್ತಾ ಕೂತಳು. ಹೊರಗೆ ಬಂದ ಮೇಲೆ, “ಮಾಮ, ಕೆಲಸಕ್ಕೆ ಅರ್ಜಿ ಹಾಕಿದ ಕಡೆಯೆಲ್ಲ ಜರ್ಮನ್ ಬರುತ್ತಾ ಅಂತ ಕೇಳ್ತಾರೆ” ಅಂದಳು. ಅವಳು ಅಲ್ಲಿಗೆ ಹೋಗಿ ಎರಡು ವರ್ಷ ಮುಗಿಯುತ್ತಾ ಬಂದಿತ್ತು.

ಆ ದೇಶಕ್ಕೆ ಮಕ್ಕಳನ್ನು ಕಳಿಸುವವರಿಗೆ, ಹೊರಟಿರುವ ಹುಡುಗ ಹುಡುಗಿಯರಿಗೆ ಇಷ್ಟು ಹೇಳುತ್ತೇನೆ. ಕೋರ್ಸು ಇಂಗ್ಲಿಷಿನದಾದರೂ ಇಲ್ಲೇ ಬಿ1 ಎಂಬ ಮಧ್ಯಮ ಮಟ್ಟದವರೆಗೆ ಜರ್ಮನ್ ಕಲಿತು ಹೋಗಿ. ಕಲಿಯುವಾಗ ಕನ್ನಡವನ್ನು ಪಕ್ಕಕ್ಕಿಡಬೇಡಿ. ಅಧೀನ ವಾಕ್ಯ ಗೋಜಲಾದಾಗಲೆಲ್ಲ ಅದನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು ನೋಡಿ.